ಕೊನೆಗೆ ಕಂಡದ್ದು

ಕಣ್ಣು ಕಳೆದುಕೊಂಡವರಿಗೆ ಪಿಂಚಣಿ ಬೇಕೆಂದರೆ, ಆ ಕಣ್ಣುಗಳು ಕೊನೆಗೆ ಕಂಡದ್ದನ್ನು ಕಚೇರಿಯ ಗೋಡೆಯ ಮೇಲೆ ಮೂಡಿಸಿ ನೋಡುತ್ತಾರೆ. ಡಾಕ್ಟರೊಬ್ಬರೇ ನೋಡುತ್ತಾರೆಂದು ನಂಬಿ ಕೆಂಪಾಜಮ್ಮ ಮಗಳು ಭವ್ಯಳ ಕೈಹಿಡಿದು ಬಂದಿದ್ದಳು.

"ಒಪ್ಪಿಗೆಗೆ ಇಲ್ಲಿ ಹೆಬ್ಬೆಟ್ಟು ಒತ್ತಿ, ಅಮ್ಮ," ಎಂದ ಗುಮಾಸ್ತ. "ಸಾಕ್ಷಿಗೆ ಮಗಳೂ ನೋಡ್ಬೇಕು."

"ಒತ್ತವ್ವ," ಎಂದಳು ಭವ್ಯ. "ಸ್ಟೋವ್ ಸಿಡಿದಾಗ ಅಪ್ಪ ಓಡಿ ಬಂದಿತ್ತಂತಲ್ಲ. ಒಂದ್ಸಲ ಮುಖ ನೋಡ್ತೀನಿ. ನಂಗೆ ನೆನಪೇ ಇಲ್ಲ."

ಸ್ಟೋವ್ ಸಿಡಿದಿರಲಿಲ್ಲ. ಕೆಂಪಾಜಮ್ಮ ಕೊನೆಗೆ ಕಂಡದ್ದು ಆಸಿಡ್ ಬಾಟಲಿ ಎತ್ತಿ ನಿಂತ ಗಂಡನನ್ನು. ಸತ್ತ ಅಪ್ಪನಿಗೆ ಮಗಳು ಪ್ರತಿವರ್ಷ ತಪ್ಪದೆ ಎಡೆ ಇಡುತ್ತಾಳೆ.

ಕೆಂಪಾಜಮ್ಮ ಹೆಬ್ಬೆಟ್ಟನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಬ್ಯಾಡ ಸ್ವಾಮಿ. ನಂಗೆ ಕಣ್ಣು ಕಾಣ್ತದೆ ಅಂತ ಬರ್ಕಳಿ."

ಎದ್ದವಳು, ಬಾಗಿಲು ಅಂದುಕೊಂಡು, ಆ ಖಾಲಿ ಗೋಡೆಯತ್ತ ನಡೆದಳು.