ಕೊಟ್ಟಿಗೆಗೆ ಬಂದ ಸ್ಟೂಲು

ಬಚ್ಚಲುಮನೆಯ ಕೆಂಪು ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಕೂತು ಸುಜಾತಾ ಕೆಚ್ಚಲಿಗೆ ಕೈ ಹಚ್ಚಿದ್ದೇ ತಡ, ಎಮ್ಮೆ ಕಾಲು ಝಾಡಿಸಿತು. ಸ್ಟೂಲು ಒಂದು ಕಡೆ, ಹಾಲು ಹಿಂಡುವ ಚರಗಿ ಇನ್ನೊಂದು ಕಡೆ. ಅವಳು ಸಗಣಿಯ ಮೇಲೆ ಬಿದ್ದಳು. ಪುಣ್ಯಕ್ಕೆ ಆಪರೇಶನ್ ಆಗಿದ್ದ ಎಡಗಾಲು ಅಡಿಯಲ್ಲಿ ಸಿಗಲಿಲ್ಲ.

ಡೇರಿಗೆ ಹೊರಡಲು ಕ್ಯಾನು ಹಿಡಿದು ನಿಂತಿದ್ದ ಗಂಡ ಮಾಳೇಶನಿಗೆ ರೇಗಿತು. ಮೂರು ದಿನದಿಂದ ಇದೇ ಕತೆ. ಈ ಸತ್ತಿ ಊರಲ್ಲಿ ಯಾರಾದರೂ ಸ್ಟೂಲು ಹಾಕಿಕೊಂಡು ಹಾಲು ಹಿಂಡಿದ್ದುಂಟೇ? ಕುಕ್ಕರಗಾಲಲ್ಲಿ ಕೂತು, ಎರಡು ಮೊಣಕಾಲ ನಡುವೆ ಚರಗಿ ಒತ್ತಿ ಹಿಡಿದು ಹಿಂಡಬೇಕು. ಎಮ್ಮೆಗೂ ಗೊತ್ತಿರುವುದು ಅದೊಂದೇ. ಹೀಗೇ ದಿನಾ ಹಾಲು ಇಳಿಸದೆ ಏರಿಸಿಕೊಂಡರೆ ಅದು ಬತ್ತಿಯೇ ಹೋಗುತ್ತದೆ.

"ಆಪರೇಶನ್ ಆಗಿ ಒಂಬತ್ತ್ ವರ್ಷ ಆತು. ಆಮ್ಯಾಲ ಒಂದ್ ಸಲನೂ ಚಿಪ್ಪ ಸರದಿಲ್ಲ. ಇನ್ನೇನ್ ನಿಂದು?" ಎಂದ.

ಅದೇನೂ ಸುಳ್ಳಲ್ಲ. ಹೈಸ್ಕೂಲಿನಲ್ಲಿ ಕಬಡ್ಡಿ ಆಡುವಾಗ ಎರಡು ಸಲ ಪಕ್ಕಕ್ಕೆ ಜಾರಿದ್ದ ಮೊಣಕಾಲ ಚಿಪ್ಪನ್ನು ಕೊಯ್ದು ಕೂರಿಸಿದ ಮೇಲೆ ಅವಳೂ ಆ ಕಾಲನ್ನು ಮರೆತೇಬಿಟ್ಟಿದ್ದಳು. ಈಚೆಗೆ ಮೆಟ್ಟಿಲಿಳಿದರೆ ಕರಕರ ಸದ್ದು, ಸಂಜೆಗೆ ಬಾವು. ಚಿಕ್ಕೋಡಿಯ ಡಾಕ್ಟರು ಸ್ಕ್ಯಾನ್ ನೋಡಿ ಹೇಳಿದ್ದರು: ಚಿಪ್ಪು ಗಟ್ಟಿ ಕೂತಿದೆ, ಆದರೆ ಅದರ ಹಿಂದಿನ ಮೆತ್ತನೆಯ ಪದರ ಸವೆಯತೊಡಗಿದೆ, ದಿನಾ ಎರಡು ಹೊತ್ತು ಕುಕ್ಕರಿಸುತ್ತಿದ್ದರೆ ನಲವತ್ತಕ್ಕೇ ಮುದುಕಿಯ ಕಾಲಾದೀತು. ಇಪ್ಪತ್ತೈದರ ಸುಜಾತಾ ಬಸ್ಸಿನಲ್ಲಿ ಸೆರಗು ಮುಖಕ್ಕೆ ಹಿಡಿದು ಅತ್ತುಕೊಂಡೇ ಬಂದಿದ್ದಳು.

"ನಾಳಿಂದ ಮೊದಲಿನಂಗನ ಕುಂದರ್ತೇನ್ರಿ," ಎಂದು ಈಗ ಚರಗಿ ಎತ್ತಿಕೊಂಡಳು.

ಅತ್ತೆ ಕೆಂಪವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಲವತ್ತು ವರ್ಷ ಇದೇ ಕೊಟ್ಟಿಗೆಯಲ್ಲಿ ಹಾಲು ಹಿಂಡಿದವಳು ಆಕೆ. ಮೊಣಕಾಲು ನೋವಿಗೆ ಎರಡು ವರ್ಷದಿಂದ ನೆಲಕ್ಕೆ ಕೂತಿದ್ದಿಲ್ಲ, ಊಟವೂ ಹೊರಸಿನ ಮೇಲೆಯೇ. ಬಂದು, ಉರುಳಿದ್ದ ಸ್ಟೂಲನ್ನು ಎಮ್ಮೆಯ ಪಕ್ಕ ಇಟ್ಟು ಸೊಸೆಯ ಭುಜ ಹಿಡಿದು ಕೂರಿಸಿದಳು. ಆಮೇಲೆ ಕಂಬ ಹಿಡಿದು, ಹಲ್ಲು ಕಚ್ಚಿ, ತಾನು ಎಮ್ಮೆಯ ಮುಂದೆ ನೆಲಕ್ಕೆ ಕೂತಳು. ಬೂಸಾದ ಬುಟ್ಟಿ ಮುಂದೆ ಸರಿಸಿ ಅದರ ಕೊರಳು ಕೆರೆಯತೊಡಗಿದಳು.

"ಎಮ್ಮಿಗಿ ರೂಢಿ ಇಲ್ಲಬೇ ಯವ್ವಾ," ಎಂದ ಮಾಳೇಶ.

"ಮಾಡಿದ್ರ ಆಗತೈತಿ."

ಎಮ್ಮೆ ಒಂದೆರಡು ಸಲ ಕಾಲು ಕದಲಿಸಿತು. ಬುಟ್ಟಿಗೆ ಮುಖ ಹಾಕಿತು. ತುಸು ಹೊತ್ತಿಗೆ ಚರಗಿಯಲ್ಲಿ ಸರ್ ಸರ್ ಎಂದು ಹಾಲು ಬೀಳತೊಡಗಿತು. ಅರ್ಧ ಚರಗಿಯೇನೋ ಆಯಿತು, ಸುಜಾತಾ ಎದ್ದು ನಿಂತಳು.

ಕೆಂಪವ್ವ ಏಳಲು ಹೋದಳು, ಆಗಲಿಲ್ಲ. ಇನ್ನೊಮ್ಮೆ ಕಂಬಕ್ಕೆ ಕೈ ಹಾಕಿದಳು, ಮೊಣಕಾಲು ಮೇಲೇಳಲಿಲ್ಲ. ಮಾಳೇಶ ಕ್ಯಾನು ಇಟ್ಟು ಓಡಿ ಬಂದ.

ಕೆಂಪವ್ವ ಅವನತ್ತ ಎರಡೂ ಕೈ ಚಾಚಿದಳು.

"ನನಗ ಯಾರೂ ಸ್ಟೂಲ ಕೊಟ್ಟಿದ್ದಿಲ್ಲಪಾ. ಹಿಡಿ, ಎಬ್ಬಸ ನನ್ನ."