ಮೂರನೇ ಮಂಚದ ಕೇಸು

ಪರೀಕ್ಷೆಯ ಮೂರನೇ ಮಂಚದ ಮೇಲೆ ಅಂಗಿ ಬಿಚ್ಚಿ ಕೂತಿದ್ದ ಕೇಸಣ್ಣ, ಸ್ಟೆತಸ್ಕೋಪು ಎದೆಗೆ ತಾಗುವ ಮೊದಲೇ ಉತ್ತರ ಹೇಳಿಬಿಟ್ಟ.

“ಕೇಳಿಸ್ಕೊಳ್ಳಿ ಡಾಕ್ಟರಮ್ಮ. ಹೃದಯದಿಂದ ರಕ್ತ ಹೊರಗೆ ಹೋಗೋ ಕವಾಟಕ್ಕೆ ಮೂರು ರೆಕ್ಕೆ ಇರ್ಬೇಕು, ನನಗೆ ಹುಟ್ಟಿನಿಂದ ಎರಡೇ. ಸದ್ದು ಹೀಗೆ: ಲಬ್, ಟಕ್, ಘಸ್ಸ್, ಡಬ್. ಟಕ್ ಮರೆತ್ರೋ, ಪ್ರೊಫೆಸರು ಶುರು ಮಾಡ್ತಾರೆ.” ಮೂಗಿನಲ್ಲಿ ದನಿ ಎಳೆದ: “‘ಟಕ್ ಎಲ್ಲಮ್ಮಾ, ಟಕ್ಕೂ?’”

ಕಸುಬಿನಲ್ಲಿ ಅವನು ಗೋಡೆಗೆ ಬಣ್ಣ ಹಚ್ಚುವವ. ವರ್ಷಕ್ಕೊಮ್ಮೆ ಮೆಡಿಕಲ್ ಕಾಲೇಜಿನ ಪರೀಕ್ಷೆಗೆ ‘ಕೇಸು’ ಆಗಿ ಬಂದು ಎದೆ ಕೊಡುತ್ತಿದ್ದ. ಹೆಸರು ಬಂದದ್ದೂ ಹಾಗೆಯೇ. ಹನ್ನೊಂದು ವರ್ಷದಲ್ಲಿ ಮುನ್ನೂರು ಮಂದಿ ಆ ಎದೆ ಆಲಿಸಿ ವೈದ್ಯರಾಗಿದ್ದರು. ಇಷ್ಟು ಜನ ಪರೀಕ್ಷಿಸಿದ ಹೃದಯ ಊರಲ್ಲಿ ಇನ್ನೊಂದಿರಲಿಲ್ಲ. ಇಷ್ಟು ಕಡಿಮೆ ಚಿಕಿತ್ಸೆ ಕಂಡದ್ದೂ ಇರಲಿಲ್ಲ.

ಹುಡುಗಿ ಎರಡನೇ ಸಲ ಪರೀಕ್ಷೆಗೆ ಕೂತವಳು; ಹೋದ ಸಲ ಬೇರೆ ಮಂಚ ಸಿಕ್ಕಿತ್ತು. ಅಲ್ಲಿಟ್ಟು ಕೇಳಿದಳು, ಇಲ್ಲಿಟ್ಟು ಕೇಳಿದಳು.

“ಅಣ್ಣಾ, ಟಕ್ ಇಲ್ಲ.”

“ಇದೆ ತಾಯಿ, ಹುಡುಕಿ. ಹೋದ ವರ್ಷ ಇತ್ತಲ್ಲ!”

“ಘಸ್ ಕೂಡ ತೀರಾ ಮೆಲ್ಲಗಾಗಿದೆ.”

“ಹಾಗಾದ್ರೆ ವಾಸಿಯಾಗ್ತಿದೆ ಬಿಡಿ.”

“ಏಣಿ ಹತ್ತುವಾಗ ತಲೆ ಸುತ್ತುತ್ತಾ?”

ಕೇಸಣ್ಣ ಅತ್ತಿತ್ತ ನೋಡಿದ. “ನಿನ್ನೆ ನಾಲ್ಕನೇ ಮೆಟ್ಟಿಲಲ್ಲಿ ಕಣ್ಣು ಕತ್ತಲೆ ಬಂತು. ಎಚ್ಚರಾದಾಗ ನೆಲದ ಮೇಲಿದ್ದೆ, ಮೈಯೆಲ್ಲ ಹಳದಿ ಪೇಂಟು. ಅದನ್ನ ಹೇಳ್ಬೇಡಿ ಮತ್ತೆ. ಪ್ರೊಫೆಸರ ಕಾರ್ಡಲ್ಲಿ ‘ತೊಂದರೆ ಇಲ್ಲ’ ಅಂತಿದೆ. ಸುಮ್ನೆ ಮಾರ್ಕು ಹೋಗುತ್ತೆ.”

“ಅಣ್ಣಾ, ಇದು ಜೀವದ ಮಾತು. ರಕ್ತಸಂಬಂಧಿಗಳಿಗೂ ಇರಬಹುದು. ಒಡಹುಟ್ಟಿದವರನ್ನ ಪರೀಕ್ಷೆ ಮಾಡಿಸಿದ್ದೀರಾ?”

“ಇದೇನು ಹೊಸ ಪ್ರಶ್ನೆ? ಇಷ್ಟು ವರ್ಷ ಯಾರೂ ಕೇಳಿಲ್ಲಪ್ಪ. ಸಿಲಬಸ್ಸಲ್ಲಿ ಇರ್ಲಿಕ್ಕಿಲ್ಲ.”

ಪ್ರೊಫೆಸರು ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಕಾರ್ಡು, ಮೂರನೇ ಮಂಚದ ಸರಿಯುತ್ತರ. ಹನ್ನೊಂದು ವರ್ಷದಲ್ಲಿ ಒಂದಕ್ಷರ ಬದಲಾಗಿರಲಿಲ್ಲ.

“ಹೇಳಮ್ಮಾ.”

“ಸಾರ್, ಕವಾಟ ತುಂಬಾ ಕಿರಿದಾಗಿದೆ. ಸದ್ದು ಮೆಲ್ಲಗಿದೆ. ನಿನ್ನೆ ಪ್ರಜ್ಞೆ ತಪ್ಪಿ ಬಿದ್ದಿದ್ದಾರೆ.”

“ಟಕ್ ಎಲ್ಲಮ್ಮಾ, ಟಕ್ಕೂ?”

“ಇಲ್ಲ ಸಾರ್.”

ಪ್ರೊಫೆಸರು ಎದೆ ನೋಡಲಿಲ್ಲ, ಕಾರ್ಡು ನೋಡಿದರು. “ಸದ್ದು ಜೋರು. ಟಕ್ ಇದೆ. ತೊಂದರೆ ಇಲ್ಲ. ಎಲ್ಲಾ ತಪ್ಪು! ಕಿವಿ ಮನೇಲಿ ಬಿಟ್ಟು ಬಂದೆಯಾ?”

“ಸಾರ್, ಕವಾಟ ಗಡುಸಾದ್ರೆ ಟಕ್ ಹೋಗುತ್ತೆ, ಹೃದಯ ಸೋತಾಗ ಸದ್ದೂ ಕುಗ್ಗುತ್ತೆ ಅಂತ ನೀವೇ ಪಾಠ ಮಾಡಿದ್ರಿ.”

“ಪಾಠ ಬೇರೆ, ಪರೀಕ್ಷೆ ಬೇರೆ.” ಕೆಂಪು ಪೆನ್ನಿನ ಮುಚ್ಚಳ ತೆಗೆದರು.

ತನ್ನ ಪ್ರಾಣದ ಮಾತಿಗೆ ಬಾಯಿ ಬಿಡದ ಕೇಸಣ್ಣ, ಕೆಂಪು ಪೆನ್ನು ಕಂಡದ್ದೇ ನೆಟ್ಟಗೆ ಕೂತ. “ಸಾರ್, ಒಂದ್ಸಲ ನೀವೇ ಕೇಳ್ಬಿಡಿ. ನನ್ನ ಎದೆ ನೋಡಿದವರು ಇವತ್ತಿನವರೆಗೂ ಫೇಲಾಗಿಲ್ಲ. ನನಗೂ ಒಂದು ಹೆಸರಿದೆ.”

ಪ್ರೊಫೆಸರು ಕೊರಳು ಮುಟ್ಟಿಕೊಂಡರು, ಜೇಬು ತಡಕಿದರು. ಕೊನೆಗೆ ಹುಡುಗಿಯ ಸ್ಟೆತಸ್ಕೋಪನ್ನೇ ಇಸಿದುಕೊಂಡು ಎದೆಗಿಟ್ಟರು. ಕೇಳಿದರು. ಮತ್ತೆ ಕೇಳಿದರು. ಓದದೆ ಪರೀಕ್ಷೆಗೆ ಬಂದ ಹುಡುಗನ ಮುಖವಾಯಿತು ಅವರದು.

“ಟ್ರಾಲಿ ತರ್ಸಮ್ಮಾ. ಈಗಲೇ ಹೃದಯ ವಿಭಾಗಕ್ಕೆ. ಕವಾಟ ಬದಲಾಯಿಸ್ಬೇಕಾಗುತ್ತೆ.”

“ಡಾಕ್ಟರಮ್ಮ ಪಾಸಾ ಸಾರ್?”

“ಪಾಸು, ಪಾಸು. ನೀನು ಮಲಗಯ್ಯಾ!” ಅಷ್ಟರಲ್ಲಿ ಕೈಗಡಿಯಾರದತ್ತ ಕಣ್ಣು ಹೋಯಿತು. “ಅಯ್ಯೋ, ಮಧ್ಯಾಹ್ನ ಇನ್ನೂ ಆರು ಜನ ಇದ್ದಾರಲ್ಲ. ಕೇಸು ಎಲ್ಲಿಂದ ತರಲಿ?”

ಟ್ರಾಲಿಯ ಮೇಲಿಂದ ಕೇಸಣ್ಣ ಕತ್ತೆತ್ತಿದ.

“ಅದಕ್ಯಾಕೆ ಯೋಚನೆ ಸಾರ್? ನನ್ನ ತಮ್ಮ ಗೇಟಿನ ಹತ್ರ ಕೂತಿದ್ದಾನೆ. ಚಿಕ್ಕಂದಿನಿಂದ ಅವನ ಬೆನ್ನಿಗೆ ಕಿವಿ ಕೊಟ್ಟು ಮಲಗಿದವನು ನಾನು. ಲಬ್, ಟಕ್, ಘಸ್ಸ್, ಡಬ್. ನಿಮ್ಮ ಕಾರ್ಡು ಕೂಡ ಬದಲಾಯಿಸ್ಬೇಕಾಗಿಲ್ಲ.”