ಬಿಸಿಲಿಗೊಂದು ಹೆಬ್ಬೆಟ್ಟು

ನೆಲಕ್ಕೆ ಹಾಸಿದ ಪರಸಿ ಕಲ್ಲು ಕಾದ ವಾಸನೆ ಬಂದಾಗಲೆಲ್ಲ ಗುರುಬಸವ್ವನಿಗೆ ತಾನು ಆಡಿ ಬೆಳೆದ ತವರಿನ ಅಂಗಳ ನೆನಪಾಗುತ್ತಿತ್ತು. ಈಗೀಗ ಆ ವಾಸನೆ ಬೆಳಗಿನ ಎಂಟಕ್ಕೇ ಏಳುತ್ತದೆ.

ಆಶಾ ಕಾರ್ಯಕರ್ತೆ ಮಹಾನಂದಾ ಕಾಗದ ಚಾಚಿದಳು.

"ಆಯಿ, ಹನ್ನೆರಡರಿಂದ ಮೂರರ ತನಕ ಯಾರೂ ಬಿಸಿಲಾಗ ಅಡ್ಡಾಡಬಾರದು ಅಂತ ಸರ್ಕಾರ ಹೇಳ್ಯಾದ. ತಿಳೀತು ಅಂತ ಹೆಬ್ಬೆಟ್ಟು ಒತ್ರಿ. ಇವತ್ತೇ ಎಲ್ಲಾ ಮನೀದೂ ಕೊಡಬೇಕು."

"ಬಿಸಿಲಿಗೂ ಹೆಬ್ಬೆಟ್ಟೇನವ್ವ? ಹ್ವಾದ ವರ್ಷ ಹಿಂಗೇ ಒತ್ತಿದ್ದಕ್ಕ ರೇಷನ್ ಕಾರ್ಡು ಹೋತು. ಸೊಸಿ ಒಂದು ಗಂಟೇಕ ಊಟಕ್ಕ ಬರ್ತಾಳ, ಓದಿಸಿ ಒತ್ತೀನಿ. ಆಗ ಬಾ."

ಮಹಾನಂದಾ ನಕ್ಕಳು. "ಆಯ್ತು, ನಾನೇ ಬರ್ತೀನಿ. ನೀವು ಮಾತ್ರ ಹೊರಗ ಬರಬ್ಯಾಡ್ರಿ."

ಒಂದು ಗಂಟೆಗೆ ಸೊಸೆ ಬಂದಳು. ಮಹಾನಂದಾ ಬರಲಿಲ್ಲ. ಕಾಗದ ಹಿಡಿದು ಬರುತ್ತಿದ್ದವಳು ಬಿಸಿಲಿಗೆ ದಾರಿಯಲ್ಲೇ ಕುಸಿದು ಬಿದ್ದಿದ್ದಳು.

ಸಂಜೆ, ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು, ಗುರುಬಸವ್ವ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಹೋಗಿ ಮಹಾನಂದಾಳ ತಾಯಿಯ ಕೈಗೆ ಕೊಟ್ಟಳು.